ದೊಡ್ಡ ಮೀನು ತರುವ ಮುಂಚೆ ಬಕೆಟ್ ಲೆಕ್ಕ ಹಾಕಿ: ದಾವಣಗೆರೆ ಮನೆಗಳಿಗೆ ಒಂದು ಹೋಲಿಕೆ

"ನಾಲ್ಕು ಅಡಿ ಟ್ಯಾಂಕ್ ಸಾಕಾ, ಆರು ಅಡಿದೇ ಬೇಕಾ?" ಆಸ್ಕರ್ ಅಥವಾ ಅರೋವಾನದಂಥ ದೊಡ್ಡ ಅಲಂಕಾರದ ಮೀನು ಸಾಕಬೇಕು ಅಂತ ಆಸೆಪಟ್ಟವರು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಬೇರೆ ಕೇಳುತ್ತೇನೆ. ನಿಮ್ಮ ಮನೆಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಸಂಪ್ ಎಷ್ಟು ಲೀಟರಿನದು? ಬೋರ್ ಇದೆಯಾ? ಕೇಳಿದವರಿಗೆ ತಲೆಹರಟೆ ಅನ್ನಿಸುತ್ತದೆ, ಗೊತ್ತು. ಆದರೆ ದೊಡ್ಡ ಮೀನು ಸಾಕುವುದು ಅಂದರೆ ವಾರ ವಾರವೂ ನೂರಾರು ಲೀಟರ್ ನೀರು ಚೆಲ್ಲಿ ಮತ್ತೆ ತುಂಬುವುದು. ಆ ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಟ್ಯಾಂಕ್, ಫಿಲ್ಟರ್, ಮೀನು ಮೂರೂ ತಾವಾಗೇ ತೀರ್ಮಾನ ಆಗುತ್ತವೆ.

ನಾನು ಕಲಿತದ್ದು ಸುಲಭದಲ್ಲಿ ಅಲ್ಲ. ನಿಟುವಳ್ಳಿಯ ಬಾಡಿಗೆ ಮನೆಯಲ್ಲಿದ್ದಾಗ ಎರಡು ಅಡಿಯ ಟ್ಯಾಂಕಿಗೆ ಬೋರ್ ನೀರು ತುಂಬಿ, ಮಾರನೇ ದಿನವೇ ಮೂರು ಆಸ್ಕರ್ ಮರಿ ಬಿಟ್ಟೆ. "ಏನೂ ಆಗಲ್ಲ ಸರ್, ಈ ಬಾಟಲಿದು ನಾಲ್ಕು ಹನಿ ಹಾಕಿ" ಅಂದಿದ್ದರು ಅಂಗಡಿಯವರು. ಹತ್ತನೇ ದಿನಕ್ಕೆ ಮೂರೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಮೂರನೇ ವಾರಕ್ಕೆ ಉಳಿದದ್ದು ಒಂದು. ನೀರು ನೋಡಲು ಕನ್ನಡಿಯ ಹಾಗೆ ಇತ್ತು. ಮೋಸ ಇರುವುದೇ ಅಲ್ಲಿ.

ಸೈಕಲ್ ಮಾಡುವುದು: ಯಾವ ದಾರಿ ಯಾರಿಗೆ

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆದರೆ ಕೂಡುತ್ತಾ ಹೋಗುತ್ತದೆ, ಅದನ್ನು ಮುಖ್ಯವಾಗಿ ನೀರು ಬದಲಿಸಿಯೇ ಇಳಿಸಬೇಕು. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡು ಬೆಳೆಯುತ್ತದೆ. ನೀರಲ್ಲಿ ತೇಲಾಡಿಕೊಂಡಿರುವುದು ಕಡಿಮೆ. ಅದು ಬೆಳೆಯುವವರೆಗೆ ಕಾಯುವುದಕ್ಕೇ ಸೈಕಲ್ ಮಾಡುವುದು ಅನ್ನುತ್ತಾರೆ. ಸುಮಾರು 4ರಿಂದ 8 ವಾರ.

ಎಲ್ಲಕ್ಕಿಂತ ಒಳ್ಳೆಯ ದಾರಿ ಹೆಪ್ಪು ಹಾಕುವುದು. ಹಾಲಿಗೆ ಮೊಸರಿನ ಹೆಪ್ಪು ಬಿಟ್ಟ ಹಾಗೆ, ತಿಂಗಳುಗಟ್ಟಲೆ ಓಡಿರುವ ಯಾರದೋ ಟ್ಯಾಂಕಿನ ಸ್ಪಂಜು ತಂದು ನಿಮ್ಮ ಫಿಲ್ಟರಿನಲ್ಲಿ ಇಡಿ. ಅದೇ ಟ್ಯಾಂಕಿನ ನೀರಲ್ಲೇ ಮುಳುಗಿಸಿ ತನ್ನಿ, ಒಣಗಿಸಬೇಡಿ, ನಲ್ಲಿ ನೀರಲ್ಲಿ ತೊಳೆಯಬೇಡಿ. ವಾರಗಳ ಕೆಲಸ ಕೆಲವೇ ದಿನಕ್ಕೆ ಇಳಿಯಬಹುದು. ಆದರೆ ಹೆಪ್ಪಿನ ಜೊತೆ ರೋಗವೂ ಬರುತ್ತದೆ. ಅಂಗಡಿಯ ಟ್ಯಾಂಕಿನಲ್ಲಿ ವಾರಕ್ಕೊಂದು ಹೊಸ ಲಾಟ್ ಮೀನು ಇಳಿಯುತ್ತದೆ, ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್ ರೋಗ ಇಲ್ಲ ಅಂತ ಯಾರು ಹೇಳುತ್ತಾರೆ? ನಾನು ಅಂಗಡಿಯದು ತರುವುದಿಲ್ಲ. ವರ್ಷದಿಂದ ಹೊಸ ಮೀನು ಬಿಡದ ಗೆಳೆಯರ ಟ್ಯಾಂಕಿನದು ಮಾತ್ರ.

ಅಂಥ ಗೆಳೆಯರು ಇಲ್ಲದಿದ್ದರೆ ನವಸಾಗರ. ಹೌದು, ಹಿಂದೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ಅದೇ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿಯದು ಎಷ್ಟು ಶುದ್ಧವೋ ಏನೋ, ಕಾಲೇಜು ಲ್ಯಾಬಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲಿ ಕೇಳಿ ತನ್ನಿ. 400 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. 600 ಲೀಟರಿಗೆ 4 ಗ್ರಾಂ ಹತ್ತಿರ. ಫಿಲ್ಟರ್ ಓಡಿಸಿ, ಮೀನು ಬಿಡದೆ ಬಿಡಿ. ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್ಟಿನಲ್ಲಿ ನೀರು ಟೆಸ್ಟ್ ಮಾಡಿ, ಅಮೋನಿಯಾ ಇಳಿದಾಗಲೆಲ್ಲ ಮತ್ತೆ ಹಾಕಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರಿ ಕೂರುತ್ತದೆ, ಅದು ಇಳಿಯುವಷ್ಟರಲ್ಲಿ ನಿಮ್ಮ ತಾಳ್ಮೆ ಮುಗಿದಿರುತ್ತದೆ. ಸಂಜೆ ಹಾಕಿದ 2 ಮಿಲಿಗ್ರಾಂ ಮಾರನೇ ಸಂಜೆಗೆ ಪೂರ್ತಿ ಮಾಯವಾಗಿ, ನೈಟ್ರೈಟ್ ಕೂಡ ಸೊನ್ನೆ ಬಂದರೆ ಟ್ಯಾಂಕ್ ತಯಾರು. ಆಮೇಲೆ ಮುಕ್ಕಾಲು ಭಾಗ ನೀರು ಬದಲಿಸಿ ಮೀನು ತನ್ನಿ.

ಯೂರಿಯಾ ಹಾಕಬಹುದಲ್ವಾ, ಮನೆಯಲ್ಲೇ ಮೂಟೆ ಇದೆ ಅಂತ ಹೊಲ ಇರುವವರು ಕೇಳುತ್ತಾರೆ. ಬೇಡ. ನಮ್ಮ ದೇಶದಲ್ಲಿ 2015ರಿಂದ ರೈತರಿಗೆ ಸಿಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಇರುತ್ತದೆ. ಆ ಲೇಪ ಇರುವುದೇ ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾದ ಕೆಲಸ ನಿಧಾನ ಮಾಡಲಿ ಅಂತ. ನಾವು ಬೆಳೆಸಬೇಕು ಅಂತಿರುವುದನ್ನೇ ಅದು ತಡೆಯುತ್ತದೆ, ಮೇಲಿಂದ ಬೇವು ಮೀನಿಗೂ ಒಳ್ಳೆಯದಲ್ಲ.

ಒಣ ಸೀಗಡಿ ಅಥವಾ ಮೀನಿನ ಆಹಾರ ಹಾಕಿ ಕೊಳೆಸುವ ದಾರಿಯೂ ಇದೆ. ಕೆಲಸ ಮಾಡುತ್ತದೆ, ಆದರೆ ಎಷ್ಟು ಅಮೋನಿಯಾ ಬಂತು ಅಂತ ಲೆಕ್ಕ ಸಿಗುವುದಿಲ್ಲ, ಮನೆಯವರು ವಾಸನೆಗೆ ಬೈಯುತ್ತಾರೆ. ಬಾಟಲಿ ಬ್ಯಾಕ್ಟೀರಿಯಾ? ಕೆಲವು ನಿಜಕ್ಕೂ ಬೇಗ ಮಾಡುತ್ತವೆ. ಆದರೆ ಒಳಗಿರುವುದು ಜೀವ. ಬಿಸಿಲಿನ ಲಾರಿಯಲ್ಲಿ ಬಂದು, ಏಪ್ರಿಲ್ ತಿಂಗಳಲ್ಲಿ ಅಂಗಡಿಯ ಶೆಲ್ಫಿನಲ್ಲಿ ಕೂತ ಬಾಟಲಿಯ ಮೇಲೆ ನನಗೆ ನಂಬಿಕೆ ಕಡಿಮೆ. ತಗೊಂಡರೂ ನವಸಾಗರ ಹಾಕಿ ಟೆಸ್ಟ್ ಮಾಡದೆ ಮೀನು ಬಿಡಬೇಡಿ.

ಮೀನು ಬಿಟ್ಟುಕೊಂಡೇ ಸೈಕಲ್ ಮಾಡುವುದನ್ನು ನಾನು ಆಯ್ಕೆ ಅನ್ನುವುದಿಲ್ಲ. ಆಗಲೇ ತಂದುಬಿಟ್ಟವರಿಗೆ ಅದು ಅನಿವಾರ್ಯ, ಅಷ್ಟೇ. ಹಾಗಾಗಿದ್ದರೆ ದಿನಕ್ಕೊಂದು ಚಿಟಿಕೆ ಆಹಾರ, ದಿನಾ ಟೆಸ್ಟ್, ಅಮೋನಿಯಾ ಕಂಡ ದಿನ ಕಾಲು ಅಥವಾ ಅರ್ಧ ನೀರು ಬದಲಾವಣೆ. ನೈಟ್ರೈಟ್ ಏರಿದಾಗ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಿ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಇಳಿಯುವುದು ಕಷ್ಟ ಆಗುತ್ತದೆ.

ಭದ್ರಾ ನೀರೋ, ಬೋರ್ ನೀರೋ

ದಾವಣಗೆರೆಯ ನಲ್ಲಿಗೆ ಬರುವುದು ಭದ್ರಾ ನಾಲೆಯ ನೀರು, ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಯಲ್ಲಿ ನಿಂತು ಬರುತ್ತದೆ. ಹರಿಹರದ ಕಡೆಯಿಂದ ತುಂಗಭದ್ರೆಯ ನೀರೂ ಇದೆ. ಚಿತ್ರದುರ್ಗದವರಿಗೆ ಸೂಳೆಕೆರೆ ಮತ್ತು ವಾಣಿ ವಿಲಾಸ ಸಾಗರ. ಬೋರಿಗೆ ಹೋಲಿಸಿದರೆ ಇವು ಮೆದು ನೀರು. ಬೋರ್ ನೀರು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುವಂಥದ್ದು.

ಸೈಕಲ್ ಮಾಡುವ ಹೊತ್ತಿಗೆ ಬೋರ್ ನೀರೇ ವಾಸಿ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಅದು ನೀರಿನ ಕ್ಷಾರವನ್ನು ತಿನ್ನುತ್ತದೆ. ಮೆದು ನೀರಲ್ಲಿ ಕ್ಷಾರ ಬೇಗ ಮುಗಿದು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಕುಸಿದು, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಐದನೇ ವಾರಕ್ಕೂ ನೈಟ್ರೈಟ್ ಇಳಿಯುತ್ತಿಲ್ಲ ಅನ್ನುವವರಿಗೆ ನಾನು ಪಿಎಚ್ ನೋಡಿ ಅನ್ನುತ್ತೇನೆ. 6ರ ಹತ್ತಿರ ಬಂದಿದ್ದರೆ ಒಂದಷ್ಟು ನೀರು ಬದಲಿಸಿ, ಇಲ್ಲವೇ ಸ್ವಲ್ಪ ಅಡಿಗೆ ಸೋಡಾ ಕರಗಿಸಿ ಹಾಕಿ.

ಮೀನು ಬಿಟ್ಟ ಮೇಲೆ ಮಾತ್ರ ಬೋರ್ ನೀರಿಗೆ ಇನ್ನೊಂದು ಮುಖ ಇದೆ, ಅದರ ಪಿಎಚ್ ಸಾಮಾನ್ಯವಾಗಿ ಜಾಸ್ತಿ. ಪಿಎಚ್ ಒಂದು ಮೆಟ್ಟಿಲು ಏರಿದರೆ ಅಮೋನಿಯಾದ ವಿಷ ಹೆಚ್ಚುಕಡಿಮೆ ಹತ್ತುಪಟ್ಟು ಆಗುತ್ತದೆ. 28 ಡಿಗ್ರಿ ಬಿಸಿಯಲ್ಲಿ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇ. 0.7ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ, 8ರಲ್ಲಿ ಶೇ. 6.5 ದಾಟುತ್ತದೆ. ನನ್ನ ಆಸ್ಕರ್ ಮರಿಗಳು ಅಷ್ಟು ಬೇಗ ಹೋಗಿದ್ದಕ್ಕೆ ಇದೂ ಕಾರಣ. ಜೊತೆಗೆ ಬೋರ್ ನೀರಲ್ಲೇ ಮೊದಲಿಂದ ನೈಟ್ರೇಟ್ ಇರಬಹುದು, ಸುತ್ತ ಹೊಲ ಗದ್ದೆ ಇರುವ ಕಡೆ ಇನ್ನೂ ಜಾಸ್ತಿ. ಮೊದಲ ಟೆಸ್ಟ್ ಖಾಲಿ ಬೋರ್ ನೀರಿಗೇ ಮಾಡಿ. ಟೆಸ್ಟಿಗೆ ನೀರಲ್ಲಿ ಅದ್ದುವ ಕಾಗದದ ಪಟ್ಟಿಗಿಂತ ಹನಿ ಹಾಕುವ ಕಿಟ್ ನಂಬಿ.

ನಲ್ಲಿ ನೀರಿನ ಕೆಟ್ಟ ಗುಣ ಕ್ಲೋರಿನ್. ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕೇ ಅದನ್ನು ಹಾಕಿರುತ್ತಾರೆ, ನಿಮ್ಮದು ಒಳ್ಳೆ ಬ್ಯಾಕ್ಟೀರಿಯಾ ಅಂತ ಅದಕ್ಕೇನು ಗೊತ್ತು. ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಸಾಕು. 1 ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 7 ಮಿಲಿಗ್ರಾಂ ಹೈಪೋ. ಹಾಗಾಗಿ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 300 ಲೀಟರ್ ನೀರಿಗೆ 2 ಗ್ರಾಂ ಸ್ವಲ್ಪ ದಾಟಿದರೆ ಆಯಿತು. ಬೋರ್ ನೀರಿಗೆ ಹೈಪೋ ಬೇಡ, ಆದರೆ ಒಂದು ರಾತ್ರಿ ಡ್ರಮ್ಮಿನಲ್ಲಿ ಗಾಳಿ ಪಂಪ್ ಬಿಟ್ಟು ಇಡಿ. ಆಳದಿಂದ ಬಂದ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

ಆರ್‌ಒ ನೀರು ದೊಡ್ಡ ಟ್ಯಾಂಕಿಗೆ ಮರೆತುಬಿಡಿ. ನನ್ನ ಸಲಹೆ: ಎರಡೂ ಇದ್ದರೆ ಅರ್ಧ ಅರ್ಧ ಬೆರೆಸಿ, ಅದನ್ನೇ ಪ್ರತಿ ವಾರ ಕೊಡಿ. ಒಂದು ವಾರ ಬೋರ್, ಒಂದು ವಾರ ನಲ್ಲಿ ಅಂತ ಬದಲಾಯಿಸುತ್ತಾ ಹೋಗುವುದೇ ಮೀನಿಗೆ ಜಾಸ್ತಿ ತ್ರಾಸು.

ಬಕೆಟ್ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಳೆದ ಒಂದು ಆಸ್ಕರ್ ದಿನಕ್ಕೆ 10 ಗ್ರಾಂ ಕಾಳಿನಂಥ ಮೀನಿನ ಆಹಾರ ತಿಂದಿತು ಅಂದುಕೊಳ್ಳಿ, ಅದರಲ್ಲಿ ಶೇ. 40 ಪ್ರೋಟೀನ್. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಮೋನಿಯಾ ಆಗಿ ಹೊರಗೆ ಬರುತ್ತದೆ ಅಂತ ಹಿಡಿದರೆ, 400 ಲೀಟರ್ ಟ್ಯಾಂಕಿನಲ್ಲಿ ದಿನಕ್ಕೆ ಲೀಟರಿಗೆ 1 ಮಿಲಿಗ್ರಾಂ ಅಮೋನಿಯಾ. ಸರಿಯಾಗಿ ಸೈಕಲ್ ಆದ ಫಿಲ್ಟರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಅದೆಲ್ಲ ನೈಟ್ರೇಟ್ ಆಗಿ ವಾರಕ್ಕೆ ಲೀಟರಿಗೆ 27 ಮಿಲಿಗ್ರಾಂ ಏರುತ್ತದೆ.

ವಾರಕ್ಕೆ ಶೇ. 30 ನೀರು ಬದಲಿಸಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಮಾಡುತ್ತಾ ಹೋದರೆ ಕೆಲವು ತಿಂಗಳಲ್ಲಿ ನೈಟ್ರೇಟ್ ಏರಿ ಏರಿ 90ರ ಹತ್ತಿರ ಹೋಗಿ ನಿಲ್ಲುತ್ತದೆ. ಅರ್ಧ ಬದಲಿಸಿದರೆ 54ಕ್ಕೆ ನಿಲ್ಲುತ್ತದೆ. ಬೋರ್ ನೀರಲ್ಲೇ 20 ಇದ್ದರೆ ಎರಡಕ್ಕೂ 20 ಸೇರಿಸಿಕೊಳ್ಳಿ. ಕುಡಿಯುವ ನೀರಿಗೇ ನಮ್ಮಲ್ಲಿ 45ರ ಮಿತಿ ಇದೆ. ಮೀನಿನ ಟ್ಯಾಂಕ್ 40ರ ಕೆಳಗೆ ಇರಲಿ ಅಂತ ನನ್ನ ಆಸೆ. ಹಾಗಾಗಬೇಕಾದರೆ ಅರ್ಧ ನೀರು ಬದಲಿಸುವುದರ ಜೊತೆ ಆಹಾರವನ್ನೂ 7 ಗ್ರಾಂ ಆಸುಪಾಸಿಗೆ ಇಳಿಸಬೇಕು, ವಾರಕ್ಕೆ ಒಂದೆರಡು ದಿನ ಉಪವಾಸ ಹಾಕಬೇಕು. ದೊಡ್ಡ ಮೀನಿಗೆ ಉಪವಾಸದಿಂದ ಏನೂ ಆಗುವುದಿಲ್ಲ. ಅದು ಗಾಜಿಗೆ ಮೂತಿ ಇಟ್ಟು ಬೇಡುವುದನ್ನು ನೋಡಿ ಕರಗುವವರು ನಾವು.

400 ಲೀಟರಿನಲ್ಲಿ ಅರ್ಧ ಅಂದರೆ 200 ಲೀಟರ್. 15 ಲೀಟರಿನ ಬಕೆಟ್ಟಿನಲ್ಲಿ 13 ಬಕೆಟ್, ಚೆಲ್ಲುವುದು 13, ತುಂಬುವುದು 13, ಅದೂ ಒಂದೇ ಆಸ್ಕರಿಗೆ. ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದು, ನೀರು ಬಿಡುವ ದಿನ ಕಾದು ಡ್ರಮ್ ತುಂಬಿಸಿಕೊಳ್ಳುವ ಮನೆಯಾದರೆ ಆರು ಅಡಿ ಟ್ಯಾಂಕಿನ ಕನಸು ಬಿಡಿ, ಮೂರು ಅಡಿಯಲ್ಲಿ ಸಣ್ಣ ಮೀನು ಸಾಕಿ. ನಾಚಿಕೆಯ ವಿಷಯ ಏನೂ ಅಲ್ಲ. ಸ್ವಂತ ಬೋರ್, ಪೈಪು, ಬಚ್ಚಲಿಗೆ ಹತ್ತಿರದ ಜಾಗ ಇದ್ದರೆ ಅದೇ ಕೆಲಸ ಅರ್ಧ ಗಂಟೆಯದು.

ಗಾಜು, ಸಿಮೆಂಟ್, ತಾರ್ಪಾಲಿನ್

ಒಂದು ಘನ ಅಡಿ ಅಂದರೆ 28.3 ಲೀಟರ್. 4x1.5x1.5 ಅಡಿಯ ಟ್ಯಾಂಕ್ 255 ಲೀಟರ್, 4x2x2 ಅಂದರೆ 450, 6x2x2 ಅಂದರೆ 680. ಅಂಚಿನವರೆಗೆ ತುಂಬುವುದಿಲ್ಲವಾದ್ದರಿಂದ ಸ್ವಲ್ಪ ಕಡಿಮೆ ಹಿಡಿಯಿರಿ. ಉದ್ದ ನೋಡಿ ಮರುಳಾಗಬೇಡಿ, ಅಗಲ ಮುಖ್ಯ. ಒಂದು ಅಡಿ ಉದ್ದದ ಮೀನು ಒಂದೂವರೆ ಅಡಿ ಅಗಲದಲ್ಲಿ ತಿರುಗುವುದನ್ನು ನೋಡಿದರೆ ಸಂತೆಬೀದಿಯಲ್ಲಿ ಲಾರಿ ತಿರುಗಿಸಿದ ಹಾಗಿರುತ್ತದೆ.

12 ಮಿಲಿಮೀಟರ್ ಗಾಜಿನ ಆರು ಅಡಿ ಟ್ಯಾಂಕಿನ ಗಾಜೇ 120 ಕೆಜಿ ಮೀರುತ್ತದೆ. ನೀರು, ಕಬ್ಬಿಣದ ಸ್ಟ್ಯಾಂಡು, ಕಲ್ಲು ಸೇರಿ 850 ಕೆಜಿ ಆಸುಪಾಸು, ಅದೂ 12 ಚದರ ಅಡಿಯ ಮೇಲೆ. ನೆಲಮಹಡಿಯಲ್ಲಿ ಚಿಂತೆ ಇಲ್ಲ. ಮೇಲೆ ಇಡುವುದಾದರೆ ಗೋಡೆಗೆ ಒತ್ತಿ, ಬೀಮಿನ ಮೇಲೆ, ಅದೂ ಮನೆ ಕಟ್ಟಿದ ಎಂಜಿನಿಯರನ್ನು ಕೇಳಿದ ಮೇಲೆ. ಹಳೇ ಪೇಟೆಯ ಜಂತೆ ಮನೆಗಳಲ್ಲಿ ಅಟ್ಟದ ಮೇಲೆ ಇಡುವ ಯೋಚನೆಯೇ ಬೇಡ.

ಹಿತ್ತಿಲು ಇರುವವರಿಗೆ ಸಿಮೆಂಟ್ ತೊಟ್ಟಿ ಚೆನ್ನ. ಪಕ್ಕದಿಂದ ಮೀನು ಕಾಣುವುದಿಲ್ಲ, ಮೇಲಿಂದಷ್ಟೇ. ಕೊಯ್ ಮೀನಿಗೆ ಅದೇ ಸರಿ. ಹೊಸ ಸಿಮೆಂಟಿನಿಂದ ಸುಣ್ಣ ಬಿಟ್ಟು ಪಿಎಚ್ ವಿಪರೀತ ಏರುತ್ತದೆ, ವಾರಗಟ್ಟಲೆ ತುಂಬಿ ಚೆಲ್ಲಿ ತುಂಬಿ ಚೆಲ್ಲಿ ಮಾಡಬೇಕು. ಬಾಳೆದಿಂಡು ಹಾಕಿ ನೆನೆಸುವ ರೂಢಿಯೂ ಇದೆ. ಏನೇ ಮಾಡಿ, ಪಿಎಚ್ ಅಳೆದೇ ಮೀನು ಬಿಡಿ. ಬಯೋಫ್ಲಾಕ್ ಮೀನು ಸಾಕಣೆಯವರ ತಾರ್ಪಾಲಿನ್ ತೊಟ್ಟಿ ಇನ್ನೂ ಅಗ್ಗ. 4 ಮೀಟರ್ ಅಗಲದ ದುಂಡು ತೊಟ್ಟಿಗೆ 80 ಸೆಂ.ಮೀ. ತುಂಬಿದರೆ 10,000 ಲೀಟರ್ ಹಿಡಿಯುತ್ತದೆ. ನೋಡಲು ಚಂದ ಇಲ್ಲ. ಆದರೆ ಮೀನಿನ ಕಡೆಯಿಂದ ಯೋಚಿಸಿದರೆ ನಮ್ಮ ನಡುಮನೆಯ ಗಾಜಿನ ಪೆಟ್ಟಿಗೆಗಿಂತ ಎಷ್ಟೋ ಪಾಲು ವಾಸಿ.

ಫಿಲ್ಟರ್ ಮತ್ತು ಕರೆಂಟ್

ಮೀನಿನವರು ಸಂಪ್ ಅಂದರೆ ಮನೆ ಮುಂದಿನ ನೀರಿನ ಸಂಪ್ ಅಲ್ಲ, ಟ್ಯಾಂಕಿನ ಕೆಳಗೆ ಇಡುವ ಎರಡನೇ ಟ್ಯಾಂಕ್, ನೀರು ಅದಕ್ಕೆ ಇಳಿದು ಸೋಸಿ ಪಂಪಿನಲ್ಲಿ ಮತ್ತೆ ಮೇಲೆ ಹೋಗುತ್ತದೆ. ನಮ್ಮ ಭಾವ ಒಮ್ಮೆ ಪೂರ್ತಿ ಅರ್ಧ ಗಂಟೆ ತಪ್ಪು ತಿಳಿದುಕೊಂಡು, ಸಂಪಿನಲ್ಲಿ ಸ್ಪಂಜು ಹಾಕಿದರೆ ಕುಡಿಯುವ ನೀರು ಕೆಡಲ್ವಾ ಅಂತ ವಾದ ಮಾಡಿದ್ದರು.

ದೊಡ್ಡ ಮೀನಿಗೆ ನನ್ನ ಓಟು ಸಂಪಿಗೇ. ತೆರೆದಿರುತ್ತದೆ, ಗಾಳಿ ಆಡುತ್ತದೆ, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ತುಂಬಿದರೂ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸೋಪು ಇಲ್ಲದ ಹೊಸದಾಗಿರಲಿ ಅಷ್ಟೆ. ಕರೆಂಟ್ ಹೋದಾಗ ಮೇಲಿಂದ ಇಳಿಯುವ ನೀರು ಹಿಡಿಯುವಷ್ಟು ಜಾಗ ಸಂಪಿನಲ್ಲಿ ಖಾಲಿ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಎದ್ದಾಗ ಮನೆಯೆಲ್ಲ ನೀರು. ಮೀನು ಬಿಡುವ ಮುಂಚೆ ಹತ್ತು ಸಲ ಸ್ವಿಚ್ ಆರಿಸಿ ನೋಡಿ.

ಕ್ಯಾನಿಸ್ಟರ್ ಫಿಲ್ಟರ್ ಅಚ್ಚುಕಟ್ಟು, ಸದ್ದಿಲ್ಲ, ಜಾಗ ಉಳಿಯುತ್ತದೆ. ಆದರೆ ಅದು ಮುಚ್ಚಿದ ಡಬ್ಬಿ. ಒಮ್ಮೆ ಮೇ ತಿಂಗಳ ಗಾಳಿಮಳೆಗೆ ರಾತ್ರಿಯೆಲ್ಲ ಕರೆಂಟ್ ಹೋಗಿ, ಬೆಳಿಗ್ಗೆ ಬಂದ ತಕ್ಷಣ ಕ್ಯಾನಿಸ್ಟರ್ ತಾನಾಗೇ ಶುರುವಾಯಿತು. ಒಳಗೆ ಆಮ್ಲಜನಕ ಮುಗಿದು ಕೊಳೆತ ನೀರು ಟ್ಯಾಂಕಿಗೆ ಬಂತು. ಕೊಳೆತ ಮೊಟ್ಟೆಯ ವಾಸನೆ, ಸಂಜೆಗೆ ಎರಡು ಮೀನು ಸತ್ತಿದ್ದವು. ಕ್ಯಾನಿಸ್ಟರ್ ಇಟ್ಟರೆ, ಕೆಲವು ಗಂಟೆ ಕರೆಂಟ್ ಹೋಗಿದ್ದಾಗ ಬಿಚ್ಚಿ, ಟ್ಯಾಂಕಿನ ನೀರಲ್ಲೇ ಜಾಲಿಸಿ ಆಮೇಲೆ ಓಡಿಸಿ. ಯಾವ ಫಿಲ್ಟರ್ ಆದರೂ ಪಕ್ಕದಲ್ಲಿ ಗಾಳಿ ಪಂಪಿನ ಸ್ಪಂಜು ಫಿಲ್ಟರ್ ಒಂದು ಇರಲಿ, ಅದನ್ನು ಮನೆಯ ಇನ್ವರ್ಟರಿಗೆ ಕೊಡಿ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವುದು ಕಡಿಮೆ, ಮೊದಲು ಒದ್ದಾಡುವುದು ದೊಡ್ಡ ಮೀನೇ. ಕರೆಂಟ್ ಬಿಲ್ಲಿನ ಭಯ ಬೇಡ, 40 ವಾಟ್ ಪಂಪ್ ತಿಂಗಳಿಡೀ ಓಡಿದರೆ 29 ಯೂನಿಟ್.

ಯಾವ ಮೀನು

ಅಂಗಡಿಯಲ್ಲಿ ಎಲ್ಲವೂ ಎರಡು ಮೂರು ಇಂಚು ಇರುತ್ತವೆ. ಅದೇ ಗೊಂದಲ.

ಫ್ಲವರ್‌ಹಾರ್ನ್ ಅಡಿ ಹತ್ತಿರ ಬೆಳೆಯುತ್ತದೆ, ಒಂಟಿ ಜೀವ, ನಾಲ್ಕು ಅಡಿ ಟ್ಯಾಂಕ್ ಸಾಕು. ನೀರಿನ ಅನುಕೂಲ ಕಡಿಮೆ ಇರುವ, ಆದರೂ ದೊಡ್ಡ ಮೀನೇ ಬೇಕು ಅನ್ನುವವರಿಗೆ ಇದನ್ನೇ ಹೇಳುತ್ತೇನೆ. ಆಸ್ಕರ್ 12ರಿಂದ 14 ಇಂಚು. ಒಂದಕ್ಕೆ 4x2x2 ಇರಲಿ, ಜೋಡಿಗೆ ಆರು ಅಡಿ. ಯಜಮಾನರನ್ನು ಗುರುತು ಹಿಡಿಯುವಷ್ಟು ಚುರುಕು. ಜೀವಂತ ಗೋಲ್ಡ್‌ಫಿಶ್ ತಿನ್ನಿಸುವ ಚಾಳಿ ಬೇಡ, ರೋಗವೂ ಬರುತ್ತದೆ, ಗೋಲ್ಡ್‌ಫಿಶ್‌ನಲ್ಲಿರುವ ಒಂದು ಅಂಶ ಬಿ1 ವಿಟಮಿನ್ನನ್ನೂ ಹಾಳು ಮಾಡುತ್ತದೆ.

ಬೆಳ್ಳಿ ಅರೋವಾನ ಮೂರು ಅಡಿ ಹತ್ತಿರ ಹೋಗುತ್ತದೆ. ಎರಡು ಅಡಿ ಅಗಲದ ಟ್ಯಾಂಕಿನಲ್ಲಿ ಅದು ಜೀವನಪೂರ್ತಿ ಬಾಗಿಕೊಂಡೇ ತಿರುಗಬೇಕು. ಎಂಟು ಅಡಿ ಉದ್ದ, ಮೂರು ಅಡಿ ಅಗಲ ಕೊಡಲು ಆಗದಿದ್ದರೆ ತರಬೇಡಿ. ಹಾರುತ್ತದೆ ಬೇರೆ, ಮುಚ್ಚಳಕ್ಕೆ ಭಾರ ಇಡಬೇಕು. ವಾಸ್ತುವಿಗೆ ಅಂತ ತರುವ ಕೆಂಪು, ಚಿನ್ನದ ಬಣ್ಣದ ಏಷ್ಯಾದ ಅರೋವಾನ ಬೇರೆ ಜಾತಿ. ಅದು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಬಂದ ಮೇಲೆ ಅಂಥ ಪ್ರಾಣಿ ಮನೆಯಲ್ಲಿದ್ದರೆ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಗದ ಇಲ್ಲದೆ ಕೊಡುತ್ತೇವೆ ಅಂದರೆ ಕೈ ಮುಗಿದು ಬನ್ನಿ.

ಶಾರ್ಕ್ ಅಂತ ಮಾರುವುದು ಪಂಗಾಸಿಯಸ್, ನಾಲ್ಕು ಅಡಿ ಬೆಳೆಯುವ, ಊಟಕ್ಕೆ ಸಾಕುವ ಮೀನು. ಬೆದರಿದರೆ ಗಾಜಿಗೆ ಗುದ್ದಿ ಮೂತಿ ಒಡೆದುಕೊಳ್ಳುತ್ತದೆ. ಪಿರಾನಾ ಅಂತ ಕೊಡುವುದು ಬಹುತೇಕ ಪಾಕು, ಮೀನು ಮಾರ್ಕೆಟ್ಟಿನ ರೂಪ್‌ಚಂದ್. ರೆಡ್‌ಟೇಲ್ ಕ್ಯಾಟ್‌ಫಿಶ್ ಕೂಡ ನಾಲ್ಕು ಅಡಿ. ಮೂರೂ ಮನೆಯ ಮೀನುಗಳಲ್ಲ, ತೊಟ್ಟಿಯವು. ಗಾಜು ಒರೆಸುತ್ತದೆ ಅಂತ ಜೊತೆಗೆ ಕೊಡುವ ಸಕ್ಕರ್ ಮೀನು ಸಹ ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ಅದು ಒರೆಸುವುದಕ್ಕಿಂತ ಹಿಕ್ಕೆ ಹಾಕುವುದೇ ಜಾಸ್ತಿ.

ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ಬೇರೆ ಸಾಕುವವರಿಗೆ ಕೊಡಿ. ಪಾಪ ಬದುಕಲಿ ಅಂತ ಕುಂದವಾಡ ಕೆರೆಗೋ ಸೂಳೆಕೆರೆಗೋ ಬಿಡಬೇಡಿ. ಸಕ್ಕರ್ ಮೀನು ಹೀಗೇ ದೇಶದ ಎಷ್ಟೋ ಕೆರೆ ಸೇರಿ, ಬಲೆ ಹರಿದು ಮೀನುಗಾರರ ಹೊಟ್ಟೆ ಮೇಲೆ ಹೊಡೆದಿದೆ.

ನನ್ನ ಮನೆಯಲ್ಲಿ ಈಗ 4x2x2ರಲ್ಲಿ ಒಂದೇ ಆಸ್ಕರ್ ಇದೆ, ನೆಲಮಹಡಿ, ಅರ್ಧ ಬೋರ್ ಅರ್ಧ ನಲ್ಲಿ. ಭಾನುವಾರ ಬೆಳಿಗ್ಗೆ 200 ಲೀಟರ್ ಪೈಪಿನಲ್ಲಿ ಹಿತ್ತಿಲಿಗೆ ಹೋಗುತ್ತದೆ. ಮೀನಿನ ಬಗ್ಗೆ ಅಮ್ಮನಿಗೆ ಇವತ್ತಿಗೂ ಸಿಟ್ಟೇ. ಆದರೆ ಆ ನೀರು ಕುಡಿದು ಕರಿಬೇವಿನ ಗಿಡ ಕಾಂಪೌಂಡಿಗಿಂತ ಮೇಲೆ ಹೋಗಿರುವುದರಿಂದ, ಒಂದು ಭಾನುವಾರ ತಪ್ಪಿದರೂ "ಯಾಕೋ, ಇವತ್ತು ನೀರು ಬಿಡಲ್ವಾ?" ಅಂತ ಅವರೇ ಕೇಳುತ್ತಾರೆ.